ಗಾಳಿಸಿದ ನೀರು

ಘಟಪ್ರಭಾದ ರೈಲ್ವೆ ಗೇಟು ಬಿದ್ದಿತ್ತು. ಹುಕ್ಕೇರಿಯಿಂದ ಗೋಕಾಕಕ್ಕೆ ಹೊರಟ ನಮ್ಮ ಬಸ್ಸು ನಿಂತಿತು. ಅದಕ್ಕೆ ತಾಗುವಷ್ಟು ಹತ್ತಿರ ಒಂದು ಟ್ಯಾಂಕರ್ ಬಂದು ನಿಂತಿತು. ಅದರೊಳಗೆ ಏನಿದೆಯೆಂದು ತಿರುಗಿ ನೋಡುವ ಮೊದಲೇ ನನಗೆ ಗೊತ್ತಾಯಿತು. ಕಾಕಂಬಿ. ಕಬ್ಬಿನ ಹಾಲಿನಿಂದ ಸಕ್ಕರೆಯನ್ನೆಲ್ಲ ತೆಗೆದ ಮೇಲೆ ಉಳಿಯುವ ಕರಿ ಪಾಕ. ಅದರ ವಾಸನೆ ಬೆಲ್ಲ ಸೀದಂತೆ ಇರುತ್ತದೆ, ಚಂದ ಐತಿ ಎನ್ನುವವರೂ ಇದ್ದಾರೆ. ನನಗೆ ಮಾತ್ರ ಸಿಟ್ಟು ಬರುತ್ತದೆ. ಪಕ್ಕದಲ್ಲಿ ಕುಳಿತ ಹೆಂಗಸು ಸೆರಗಿನಿಂದ ಮೂಗು ಮುಚ್ಚಿಕೊಂಡು ಕಿಟಕಿ ಹಾಕಲು ಹೇಳಿದಳು. ನಾನು ಹಾಕಲಿಲ್ಲ.

ನನ್ನ ಚೀಲದಲ್ಲಿ ಒಂದು ಆಮಂತ್ರಣವಿತ್ತು. ಹವಾಮಾನ, ಪರಿಸರ ನೀತಿ ಎಂದು ಕೆಲಸ ಮಾಡಬಯಸುವ ಕಾನೂನು ವಿದ್ಯಾರ್ಥಿಗಳಿಗೆ ಫೆಲೋಶಿಪ್ ಕೊಡುವ ಸಂಸ್ಥೆಯೊಂದು ಗೋಕಾಕದಲ್ಲಿ ಆಯ್ಕೆ ಸಭೆ ಇಟ್ಟುಕೊಂಡಿತ್ತು. ಹುಕ್ಕೇರಿ ಕೋರ್ಟಿನಲ್ಲಿ ಇಷ್ಟು ವರ್ಷ ವಕೀಲಿ ಮಾಡಿದ ನನ್ನನ್ನು ಸಮಿತಿಗೆ ಕರೆದಿದ್ದರು. "ನಮ್ಮ ಮೊದಲ ಫೆಲೋಗಳಲ್ಲಿ ಒಬ್ಬರಾದ ತಾವು" ಎಂದು ಬರೆದಿತ್ತು. ಕೆಳಗೆ ಸಹಿ ಅಂದು ನನ್ನನ್ನು ಆರಿಸಿದ ಅದೇ ಮೇಡಮ್ಮಿನದು. ಸಂಸ್ಥೆಯ ಹೆಸರಿನಲ್ಲಿ ಆಗ ಪರಿಸರವಿತ್ತು, ಈಗ ಹವಾಮಾನ ಬಂದಿದೆ. ಸಹಿ ಬದಲಾಗಿಲ್ಲ. ಒಲ್ಲೆ ಎಂದು ಉತ್ತರ ಬರೆಯಲು ಕುಳಿತವಳು ಬರುತ್ತೇನೆ ಎಂದು ಬರೆದಿದ್ದೆ. ಯಾಕೆ ಹಾಗೆ ಬರೆದೆ ಎಂಬುದು ಆ ಗೇಟಿನಲ್ಲಿ ಆ ವಾಸನೆ ಮೂಗಿಗೆ ಬಡಿಯುವವರೆಗೆ ನನಗೇ ತಿಳಿದಿರಲಿಲ್ಲ.

ನಾನು ಫೆಲೋ ಆದಾಗ ಹೊಸ ಶತಮಾನ ಶುರುವಾಗಿ ಒಂದೆರಡು ವರ್ಷವಾಗಿತ್ತಷ್ಟೆ. ನಾನು ಮಸಗುಪ್ಪಿಯವಳು. ನಮ್ಮದು ಜೈನರ ಕೂಡು ಕುಟುಂಬ. ಮನೆಯಲ್ಲಿ ಅರ್ಧ ಮರಾಠಿ, ಅರ್ಧ ಕನ್ನಡ, ಯಜಮಾನಿಕೆ ಮಾತ್ರ ಪೂರ್ತಿ ಬಾಬಾಸಾಹೇಬ ಕಾಕಾನದು. ಕಾಕಾ ಅಪ್ಪನ ಅಣ್ಣ. ಹೊಲದ ಜೊತೆಗೆ ಅವನು ಟ್ಯಾಂಕರುಗಳನ್ನೂ ಇಟ್ಟಿದ್ದ. ಸಕ್ಕರೆ ಕಾರ್ಖಾನೆಗಳಿಂದ ಕಾಕಂಬಿ ತುಂಬಿಸಿ, ಘೋಡಗೇರಿಯ ಹಳ್ಳದ ಮೇಲುಗಡೆ ಇದ್ದ ಒಂದು ಖಾಸಗಿ ಕಾರ್ಖಾನೆಗೆ ಹಾಕುವ ಗುತ್ತಿಗೆ ಅವನದು. ಅಲ್ಲಿ ಕಾಕಂಬಿಯನ್ನು ಕೊಳೆಹಾಕಿ ಸ್ಪಿರಿಟ್ ಇಳಿಸುತ್ತಿದ್ದರು. ನಮ್ಮ ಅಂಗಳದಲ್ಲಿ ಸದಾ ಒಂದಲ್ಲ ಒಂದು ಟ್ಯಾಂಕರ್ ನಿಂತಿರುತ್ತಿತ್ತು. ಒಣಹಾಕಿದ ಬಟ್ಟೆಗೂ ಆ ವಾಸನೆ, ನನ್ನ ಪುಸ್ತಕಕ್ಕೂ ಆ ವಾಸನೆ. ಬೆಳಗಾವಿಯಲ್ಲಿ ನನ್ನ ಕಾನೂನು ಓದು ನಡೆದದ್ದೂ ಅದರಿಂದಲೇ ಎಂದು ಕಾಕಾ ಊಟಕ್ಕೆ ಕುಳಿತಾಗಲೆಲ್ಲ ನೆನಪು ಮಾಡುತ್ತಿದ್ದ. ಅನ್ನ ಗಂಟಲಲ್ಲಿ ಇಳಿಯುವ ಹೊತ್ತಿಗೆ ಸರಿಯಾಗಿ ಹೇಳುತ್ತಿದ್ದ.

ಕೊನೆಯ ವರ್ಷದ ಆರಂಭದಲ್ಲಿ ಕಾಲೇಜಿನ ಬೋರ್ಡಿನ ಮೇಲೆ ಈ ಫೆಲೋಶಿಪ್ಪಿನ ನೋಟಿಸು ಅಂಟಿಸಿದ್ದರು. ಪರಿಸರ ಕಾಯ್ದೆ ಜನರ ನಡುವೆ ಹೇಗೆ ನಡೆಯುತ್ತದೆ ಎಂದು ಒಂದು ವರ್ಷ ನೋಡಿ ಬರೆಯಬೇಕು, ಎರಡು ಕಂತಿನಲ್ಲಿ ಹಣ. ಸಂದರ್ಶನಕ್ಕೆ ಮೇಡಮ್ ಬೆಂಗಳೂರಿನಿಂದ ಬಂದಿದ್ದರು. ಕೈಮಗ್ಗದ ಸೀರೆ, ದೊಡ್ಡ ಬೊಟ್ಟು, ಎದುರಿನವರ ಮಾತು ಮುಗಿಯುವ ಮೊದಲೇ ತಲೆಯಾಡಿಸುವ ಅಭ್ಯಾಸ. ನನ್ನ ವಿಷಯ ಅವರಿಗೆ ಬಹಳ ಹಿಡಿಸಿತು. ಕಾರ್ಖಾನೆ ದೊಡ್ಡದು ಮಾಡುವ ಮೊದಲು ಸಾರ್ವಜನಿಕ ಅಹವಾಲು ಸಭೆ ನಡೆಸಬೇಕು ಎಂದು ಆಗಿನ್ನೂ ಹೊಸದಾಗಿ ನಿಯಮ ಬಂದಿತ್ತು. ಆ ಸಭೆಯಲ್ಲಿ ಊರವರು ಆಡಿದ ಮಾತು ಎಷ್ಟು ಕೇಳಿಸುತ್ತದೆ, ಎಷ್ಟು ಬರಹಕ್ಕೆ ಇಳಿಯುತ್ತದೆ ಎಂಬುದೇ ನನ್ನ ವಿಷಯ. "ಸಮುದಾಯದ ಧ್ವನಿ, ಅದೇ ನಮಗೆ ಬೇಕು" ಎಂದರು ಮೇಡಮ್. ಆ ಮಾತನ್ನು ನಾನು ನಂಬಿದೆ, ಇವತ್ತಿಗೂ ಅದಕ್ಕಾಗಿ ನನ್ನ ಮೇಲೆ ನನಗೆ ರೇಗುತ್ತದೆ.

ನಾನು ಆರಿಸಿಕೊಂಡದ್ದು ಘೋಡಗೇರಿಯ ಮೇಲಿನ ಆ ಕಾರ್ಖಾನೆಯನ್ನೇ. ಅದು ತನ್ನ ಭಟ್ಟಿಗಳನ್ನು ದುಪ್ಪಟ್ಟು ಮಾಡಲು ಹೊರಟಿತ್ತು. ಸುದ್ದಿ ಮಸಗುಪ್ಪಿ ತಲುಪಲು ತಡವಾಗಲಿಲ್ಲ. ಕಾಕಾ ಕೂಗಾಡಲಿಲ್ಲ. ಚಹಾ ಕುಡಿದು ಬಟ್ಟಲು ಕೆಳಗಿಟ್ಟು, ನನ್ನ ಓದಿಗೆ ಇನ್ನು ಅವನ ಕಡೆಯಿಂದ ಏನೂ ಬರುವುದಿಲ್ಲ ಎಂದು ಅಪ್ಪನಿಗೆ ಹೇಳಿದ. ಅಪ್ಪ ಗೋಡೆ ನೋಡಿದ. ಅಲ್ಲಿಗೆ ನನ್ನ ಕೊನೆಯ ವರ್ಷ ಪೂರ್ತಿಯಾಗಿ ಆ ಫೆಲೋಶಿಪ್ಪಿನ ಮೇಲೆ ನಿಂತಿತು. ಮೊದಲ ಕಂತು ಅರ್ಧ ವರ್ಷಕ್ಕೆ ಸಾಕಾಗುವಂತಿತ್ತು, ಎರಡನೆಯ ಕಂತು ಅಹವಾಲು ಸಭೆ ಆದ ಮೇಲೆ.

ಕಾಲೇಜಿಗೆ ರಜೆ ಇದ್ದಾಗಲೆಲ್ಲ ಘೋಡಗೇರಿಯಲ್ಲಿ ನನಗೆ ಇಳಿದುಕೊಳ್ಳಲು ಒಂದೇ ಮನೆಯಿತ್ತು, ಚಂಪಾಬಾಯಿ ಅತ್ತಿಯದು. ಕಾಕಾನಿಗೂ ಅಪ್ಪನಿಗೂ ಅಕ್ಕ, ವಿಧವೆ, ಮಕ್ಕಳಿಲ್ಲ. ಹಳ್ಳದ ದಂಡೆಗೆ ಒಂದು ಹೊಲ, ಹೊಲದಲ್ಲಿ ಗಂಡ ತೋಡಿಸಿದ ಬಾವಿ. ಕಾರ್ಖಾನೆಯವರು ಭಟ್ಟಿಯ ಹೊಲಸು ನೀರನ್ನು ಮೇಲೆ ದೊಡ್ಡ ದೊಡ್ಡ ಹೊಂಡ ತೋಡಿ ನಿಲ್ಲಿಸಿದ್ದರು. ಅದು ಒಳಗೊಳಗೇ ಇಳಿದು ಬಂದು ಅತ್ತಿಯ ಬಾವಿಯ ನೀರು ಕಡಕ್ ಚಹಾದ ಬಣ್ಣಕ್ಕೆ ತಿರುಗಿತ್ತು. ತಮ್ಮನ ಟ್ಯಾಂಕರುಗಳು ತುಂಬಿದ ಕಾಕಂಬಿಯೇ ತನ್ನ ಬಾವಿಗೆ ಇಳಿಯುತ್ತಿದೆ ಎಂದು ಅತ್ತಿಗೆ ಗೊತ್ತಿತ್ತು. ಕಾಕಾನ ಮನೆಯಲ್ಲಿ ನೀರು ಕುಡಿಯುವುದನ್ನು ಅವಳು ಬಿಟ್ಟು ಬಹಳ ದಿನವಾಗಿತ್ತು. ಅದೇ ಮನೆಯ ಹುಡುಗಿ ನಾನು. ನನ್ನನ್ನು ಕಂಡು ಅವಳ ಮುಖವೇನೂ ಅರಳಲಿಲ್ಲ.

"ಬಾವಿ ಕೆಡಿಸೂದೂ ನಿಮ್ಮ ಮನಿಯವರ, ಕೆಟ್ಟೈತಿ ಅಂತ ಬರಕೊಳ್ಳಾಕ ಬರೂದೂ ನಿಮ್ಮ ಮನಿಯವರ," ಎಂದಳು ಹೊಸ್ತಿಲಲ್ಲಿ ನಿಂತು. ಆಮೇಲೆ ಒಳಗೆ ಬಾ ಎಂದಳು. ರೊಟ್ಟಿ ಹಾಕಿದಳು, ಮಾತು ಹಾಕಲಿಲ್ಲ.

ಆ ಚಳಿಗಾಲ ಉದ್ದಕ್ಕೂ ಹಾಗೆಯೇ ಹೋಯಿತು. ಅವಳು ನನ್ನನ್ನು ಸಹಿಸಿಕೊಂಡಳು, ನಾನು ಅವಳನ್ನು ಸಹಿಸಿಕೊಂಡೆ. ಬೆಳಗಿನ ಹೊತ್ತು ಹಳ್ಳದ ಮೇಲೆ ಮಂಜು ಕವಿದಿರುತ್ತಿತ್ತು, ಆ ಮಂಜಿನೊಳಗೆ ಕೊಳೆತ ಕಾಕಂಬಿಯ ನಾತ ಕೂತುಬಿಟ್ಟಿರುತ್ತಿತ್ತು. ಬಿಸಿಲೇರಿದರೆ ಸ್ವಲ್ಪ ಉಸಿರಾಡಬಹುದು. ರಸ್ತೆಯ ಮೇಲೆ ಕಬ್ಬಿನ ಗಾಡಿಗಳು ಕಿರುಗುಟ್ಟುತ್ತ ಸಾಗುತ್ತಿದ್ದವು. ಊರಿನಲ್ಲಿ ನಾನು ಯಾರ ಬಾಗಿಲಿಗೆ ಹೋದರೂ ಜನ ಕಾರ್ಖಾನೆಯ ವಿಷಯ ಬಿಟ್ಟು ಮಿಕ್ಕೆಲ್ಲ ಮಾತನಾಡುತ್ತಿದ್ದರು. ಅರ್ಧ ಊರಿನ ಗಂಡಸರು ಅಲ್ಲಿ ಕೆಲಸಕ್ಕಿದ್ದರು. ಉಳಿದರ್ಧ ಕೆಲಸ ಸಿಗಬಹುದೆಂದು ಕಾಯುತ್ತಿದ್ದರು. ಒಬ್ಬ ಹಿರಿಯರಂತೂ, ಹೆಣ್ಣುಮಗಳು ಊರೂರು ತಿರುಗಿ ಹೊಲಸು ನೀರಿನ ಮಾತಾಡುವುದಕ್ಕೂ ಸರ್ಕಾರದವರು ಪಗಾರ ಕೊಡುತ್ತಾರೆಯೇ ಎಂದು ನಗುತ್ತ ಕೇಳಿದರು. ನಾನು ನಗಲಿಲ್ಲ.

ಸತ್ಯ ಹೇಳಿದವನು ಲಗಮಣ್ಣ ಒಬ್ಬನೇ. ಕುರುಬರವನು. ಪ್ರತಿ ವರ್ಷ ಸುಗ್ಗಿ ಮುಗಿದ ಮೇಲೆ ಅತ್ತಿಯ ಹೊಲದಲ್ಲಿ ರಾತ್ರಿ ಕುರಿ ಮಂದೆ ತರುಬಿ ನಿಲ್ಲಿಸುವುದು ಅವನ ವಾಡಿಕೆ. ಕುರಿಯ ಗೊಬ್ಬರ ಹೊಲಕ್ಕೆ, ಅವನಿಗೆ ಜೋಳ. ಕುರಿಗಳಿಗೆ ನೀರು ಅದೇ ಬಾವಿಯದು. ಆ ವರ್ಷ ಅವನ ಕುರಿಗಳು ಬಾವಿಯ ಪಕ್ಕದಲ್ಲಿ ನೀರು ಕುಡಿಸುವ ಕಲ್ಲು ದೋಣಿಗೆ ಮೂತಿ ಇಟ್ಟು ಮೂಸಿ ನೋಡಿ ಹಿಂದೆ ಸರಿದವು. ಎರಡು ದಿನ ನೋಡಿ ಅವನು ಹಿಂಡು ಹೊಡೆದುಕೊಂಡು ಮುಂದಿನ ಹೊಲಕ್ಕೆ ಹೋದ. "ನಾ ಏನ ಬಿಟ್ಟ ಹೋಗಾಕ ಮನಸ ಮಾಡಿಲ್ರಿ ಅಕ್ಕಾರ, ಕುರಿನ ಒಲ್ಲೆ ಅಂದಾವು," ಎಂದು ಅತ್ತಿಯ ಮುಂದೆ ತಲೆ ಕೆರೆದುಕೊಂಡು ನಿಂತಿದ್ದ. ಅತ್ತಿಯ ಹೊಲ ಆ ವರ್ಷ ಗೊಬ್ಬರವಿಲ್ಲದೆ ಉಳಿಯಿತು.

ಆದರೆ ಅತ್ತಿ ಆ ಬಾವಿಯ ನೀರನ್ನು ಬಿಡಲಿಲ್ಲ. ಕುಡಿಯುವುದು ಬಿಟ್ಟಿದ್ದಳು, ಬಳಸುವುದು ಬಿಟ್ಟಿರಲಿಲ್ಲ. ಬಳಸಿದರೂ ನಮ್ಮ ಪದ್ಧತಿಯಂತೆಯೇ. ನಮ್ಮಲ್ಲಿ ನೀರನ್ನು ಗಾಳಿಸದೆ, ಅಂದರೆ ಇಮ್ಮಡಿ ಮಾಡಿದ ದಪ್ಪ ಅರಿವೆಯಲ್ಲಿ ಸೋಸದೆ, ಮುಟ್ಟುವುದಿಲ್ಲ. ನೀರಿನೊಳಗಿನ ಕಣ್ಣಿಗೆ ಕಾಣದ ಜೀವ ನಮ್ಮಿಂದ ಸಾಯಬಾರದು. ಸೋಸಿ ಆದಮೇಲೆ ಅರಿವೆಯನ್ನು ತಿರುವಿ, ಗಾಳಿಸಿದ ನೀರಿನಿಂದಲೇ ತೊಳೆದು, ಆ ತೊಳೆದ ನೀರನ್ನು ಅದೇ ಬಾವಿಗೆ ಮರಳಿ ಬಿಡಬೇಕು. ಅದನ್ನೂ ಮೇಲಿನಿಂದ ಸುರಿಯುವಂತಿಲ್ಲ, ಬಿದ್ದ ಪೆಟ್ಟಿಗೆ ಜೀವಗಳು ಸಾಯುತ್ತವೆ. ಅದಕ್ಕಾಗಿ ಅತ್ತಿಯ ಹತ್ತಿರ ಬುಡಕ್ಕೆ ಬಳೆ ಇದ್ದ ಒಂದು ಸಣ್ಣ ಹಿತ್ತಾಳೆ ಗಡಿಗೆಯಿತ್ತು. ಅದನ್ನು ಹಗ್ಗದಲ್ಲಿ ನೀರಿನ ಮಟ್ಟಕ್ಕೆ ಇಳಿಸಿ, ಬುಡದ ಹಗ್ಗ ಜಗ್ಗಿ, ಅಲ್ಲಿಯೇ ಮೆಲ್ಲಗೆ ಬಗ್ಗಿಸುತ್ತಿದ್ದಳು. ಆ ಚಹಾ ಬಣ್ಣದ ನೀರಿಗೂ ದಿನಾ ಅಷ್ಟೇ ಜತನದಿಂದ ಮಾಡುತ್ತಿದ್ದಳು. ನೋಡಿ ನನಗೆ ಮೈ ಉರಿಯುತ್ತಿತ್ತು. ಮೇಲಿನವರು ಲಾರಿಗಟ್ಟಲೆ ವಿಷ ಬಿಡುತ್ತಿದ್ದಾರೆ, ಇವಳು ಕೆಳಗೆ ನಿಂತು ಹಗ್ಗ ಜಗ್ಗುತ್ತಿದ್ದಾಳೆ.

ಸಂಸ್ಥೆಯವರು ಕೆಲವು ಗಾಜಿನ ಬಾಟ್ಲಿಗಳನ್ನು ಕೊಟ್ಟಿದ್ದರು. ವಾರಕ್ಕೊಮ್ಮೆ ಬಾವಿಯ ನೀರು ತುಂಬಿ ಬೆಳಗಾವಿಯ ಪ್ರಯೋಗಾಲಯಕ್ಕೆ ಕೊಡಬೇಕು. ರಜೆ ಇಲ್ಲದ ವಾರಗಳಲ್ಲಿ ನನಗೆ ಕಾಲೇಜು ತಪ್ಪಿಸಿ ಘೋಡಗೇರಿಗೆ ಬರುವಂತಿರಲಿಲ್ಲ. ಹಾಗಾಗಿ ಅತ್ತಿ ಬಾಟ್ಲಿ ತುಂಬಿಡುವುದು, ಲಗಮಣ್ಣ ಅದನ್ನು ಘಟಪ್ರಭಾ ಸ್ಟೇಶನ್ನಿಗೆ ತರುವುದು, ನಾನು ರೈಲಿಗೆ ಬಂದು ಒಯ್ಯುವುದು ಎಂದು ಗೊತ್ತು ಮಾಡಿದೆ. ಬಾಟ್ಲಿಯನ್ನು ಬಾಯಿಮಟ್ಟ ತುಂಬಬೇಕು, ಗಾಳಿ ಉಳಿಯಬಾರದು, ಮುಚ್ಚಳ ಬಿಗಿಯಾಗಬೇಕು ಎಂದು ಅತ್ತಿಗೆ ಎಲ್ಲವನ್ನೂ ಹೇಳಿಕೊಟ್ಟೆ. ಒಂದನ್ನು ಹೇಳಲಿಲ್ಲ, ಯಾಕೆಂದರೆ ಅದು ನನ್ನ ತಲೆಗೇ ಬರಲಿಲ್ಲ. ನೀರು ತುಂಬು ಎಂದರೆ ನಮ್ಮ ಮನೆಗಳಲ್ಲಿ ಗಾಳಿಸಿ ತುಂಬು ಎಂದೇ ಅರ್ಥ. ಬೇರೆ ಜಾತಿಯ ಹುಡುಗಿಯಾಗಿದ್ದರೆ ಅತ್ತಿಯ ಅರಿವೆ ನೋಡಿ ಒಂದು ಮಾತು ಹೇಳುತ್ತಿದ್ದಳೇನೋ. ನನಗೆ ಆ ಅರಿವೆ ಕಾಣುತ್ತಲೇ ಇರಲಿಲ್ಲ, ಮೂಗಿನ ಮೇಲಿನ ನತ್ತು ಹೇಗೆ ಕಾಣುವುದಿಲ್ಲವೋ ಹಾಗೆ.

ಪ್ರಯೋಗಾಲಯದ ವರದಿ ನನ್ನ ಕಡೆಗೇ ಇತ್ತು. ಆ ನೀರು ಕುಡಿಯಲಿಕ್ಕೂ ದನಕರುಗಳಿಗೂ ಹೊಲಕ್ಕೂ ಯೋಗ್ಯವಲ್ಲ ಎಂದು ಸ್ಪಷ್ಟವಾಗಿ ಬಂದಿತ್ತು. ಮೇಡಮ್ ಫೋನಿನಲ್ಲಿ ನನ್ನನ್ನು ಹೊಗಳಿದರು. ಅತ್ತಿ ಸಭೆಗೆ ಬಂದು ನಾಲ್ಕು ಮಾತು ಹೇಳಿದರೆ ವರದಿಗೆ ಜೀವ ಬರುತ್ತದೆ ಎಂದರು. ಅತ್ತಿಯನ್ನು ಒಪ್ಪಿಸಲು ನನಗೆ ವಾರ ಹಿಡಿಯಿತು. ನಿಮ್ಮ ಕಾಗದ ಬರೆದವರೇ ಮಾತಾಡಲಿ ಎಂದು ಮೊಂಡು ಹಿಡಿದಳು. ಕೊನೆಗೆ, ಕಾರ್ಖಾನೆ ದೊಡ್ಡದಾದರೆ ಬಾವಿ ಪೂರಾ ಹೋಗುತ್ತದೆ ಎಂದು ನಾನು ಹೇಳಿದಾಗ, "ಬರ್ತೇನಿ. ಆದ್ರ ಕೇಳಿದ್ದಕ್ಕ ಖರೇನ ಹೇಳಾಕಿ ನಾ," ಎಂದಳು. ಅದನ್ನು ನಾನು ಒಳ್ಳೆಯ ಸೂಚನೆ ಎಂದುಕೊಂಡೆ.

ಸಭೆ ಹುಕ್ಕೇರಿಯ ಒಂದು ಮಂಗಲ ಕಾರ್ಯಾಲಯದಲ್ಲಿ ನಡೆಯಿತು. ಬೇಸಿಗೆ. ಹಿಂದಿನ ದಿನ ಅಲ್ಲಿ ಮದುವೆಯಾಗಿತ್ತು, ಮಾವಿನ ತೋರಣ ಒಣಗಿ ಬಾಗಿಲಲ್ಲಿ ಜೋತಾಡುತ್ತಿತ್ತು. ಮದುಮಕ್ಕಳು ಕುಳಿತಿದ್ದ ವೇದಿಕೆಯ ಮೇಲೆ ಅಧಿಕಾರಿಗಳು ಕುಳಿತರು. ಪಕ್ಕದ ಮೇಜಿನಲ್ಲಿ ಸಭೆಯ ನಡಾವಳಿ ಬರೆದುಕೊಳ್ಳುವ ಗುಮಾಸ್ತನಿದ್ದ. ಕಾರ್ಖಾನೆಯವರು ಲಾರಿ ತುಂಬ ಜನರನ್ನು ತಂದಿದ್ದರು, ಎಲ್ಲರ ಕೈಯಲ್ಲಿ ಒಂದೊಂದು ತಿಂಡಿಯ ಪೊಟ್ಟಣ. ಮುಂದಿನ ಸಾಲಿನಲ್ಲಿ, ಕಾರ್ಖಾನೆಯ ವಕೀಲನ ಬಾಜೂಕ್ಕೆ ಕಾಕಾ ಬಿಳಿ ಟೊಪ್ಪಿಗೆ ಹಾಕಿಕೊಂಡು ಕುಳಿತಿದ್ದ. ಅತ್ತಿ ಅವನನ್ನು ನೋಡಿದಳು, ಅವನು ಅತ್ತಿಯನ್ನು ನೋಡಲಿಲ್ಲ. ನಾನು ಮತ್ತು ಅತ್ತಿ ಹಿಂದೆ, ಮೇಡಮ್ ನಮ್ಮ ಪಕ್ಕಕ್ಕೆ.

ನಾನು ವರದಿ ಓದಿದೆ. ಸಭೆಯಲ್ಲಿ ಸ್ವಲ್ಪ ಗುಸುಗುಸು ಎದ್ದಿತು. ವೇದಿಕೆಯ ಮೇಲಿದ್ದ ಅಧಿಕಾರಿ ಕನ್ನಡಕ ಏರಿಸಿಕೊಂಡು ಕಾಗದ ನೋಡಿದರು. ಒಂದು ಕ್ಷಣ ನಾವು ಗೆದ್ದೆವೆಂದೇ ನನಗೆ ಅನಿಸಿತು. ಅಷ್ಟರಲ್ಲಿ ಕಾಕಾ ವಕೀಲನ ಕಡೆ ಬಾಗಿ ಅವನ ಕಿವಿಯಲ್ಲಿ ಏನೋ ಹೇಳಿದ. ವಕೀಲ ಹೊರಗಿನವನು, ದೂರದ ಊರಿನಿಂದ ಬಂದವನು. ಅವನು ಮೊದಲು ಹುಬ್ಬು ಗಂಟಿಕ್ಕಿದ, ಆಮೇಲೆ ಎದ್ದು ನಿಂತು ಬಾಟ್ಲಿ ತುಂಬಿದವರು ಯಾರೆಂದು ಕೇಳಿದ. ಅತ್ತಿ ಎದ್ದು ತಾನೇ ಎಂದಳು. ಹೇಗೆ ತುಂಬಿದಿರಿ, ಸಭೆಗೆ ಹೇಳಿ ಎಂದ.

"ಹೆಂಗ ತುಂಬತಾರ್ರಿ? ಸೇದಿ, ಗಾಳಿಸಿ ತುಂಬೀನಿ," ಎಂದಳು ಅತ್ತಿ.

ಅಂದರೆ ಬಟ್ಟೆಯಲ್ಲಿ ಸೋಸಿ ತುಂಬಿದಿರಾ ಎಂದು ಅವನು ಮತ್ತೊಮ್ಮೆ, ಎಲ್ಲರಿಗೂ ಕೇಳುವಂತೆ ಕೇಳಿದ. ಅತ್ತಿಗೆ ಅವನ ಪ್ರಶ್ನೆಯೇ ವಿಚಿತ್ರವಾಗಿ ಕಂಡಿತು. "ಗಾಳಿಸದೆ ಮುಚ್ಚಳ ಹಾಕಿದ್ರ ಒಳಗಿನ ಜೀವ ಉಸಿರ ಕಟ್ಟಿ ಸಾಯೂದಿಲ್ಲೇನ್ರಿ? ಆ ಪಾಪ ಯಾರಿಗೆ?"

ಸಭೆ ನಕ್ಕಿತು. ತಿಂಡಿ ಪೊಟ್ಟಣದವರು ಜೋರಾಗಿ ನಕ್ಕರು. ವಕೀಲ ಕೈ ಎತ್ತಿ, ಇದು ಬಾವಿಯ ನೀರೇ ಅಲ್ಲ, ಮನುಷ್ಯರು ಕೈಯಾಡಿಸಿ ಬದಲಾಯಿಸಿದ ನೀರು, ಈ ವರದಿಯನ್ನು ಲೆಕ್ಕಕ್ಕೆ ಹಿಡಿಯಬಾರದು ಎಂದು ಬಹಳ ವಿನಯದಿಂದ ಹೇಳಿ ಕುಳಿತ. ಹೊರಗಿನ ಯಾವ ವಕೀಲನಿಗೂ ಆ ಪ್ರಶ್ನೆ ತಾನಾಗಿ ಹೊಳೆಯುತ್ತಿರಲಿಲ್ಲ. ಅದು ನಮ್ಮ ಅಡಿಗೆಮನೆಯಿಂದ ಎದ್ದು ಬಂದ ಪ್ರಶ್ನೆ.

ಅತ್ತಿ ಇನ್ನೂ ಕುಳಿತಿರಲಿಲ್ಲ. ನಗು ಅಡಗುವವರೆಗೆ ನಿಂತೇ ಇದ್ದಳು. ಆಮೇಲೆ ವೇದಿಕೆಯ ಕಡೆ ಬೆರಳು ಮಾಡಿ, "ಸಾಹೇಬ್ರ, ಪೂರಾ ಕೇಳ್ರಿ. ಗಾಳಿಸಿದ ಮ್ಯಾಲೂ ಅದು ಇಷ್ಟ ಹೊಲಸ ಐತಿ ಅಂದ್ರ" ಎಂದು ಶುರು ಮಾಡಿದಳು. ಅಷ್ಟರಲ್ಲಿ ಪಕ್ಕದಿಂದ ಮೇಡಮ್ ಅವಳ ಸೆರಗು ಹಿಡಿದು ಕೆಳಗೆ ಎಳೆದರು. "ಸಾಕಮ್ಮಾ, ಕೂತ್ಕೊಳ್ಳಿ, ಸಾಕು" ಎಂದರು. ಮುದುಕಿ ಆಯ ತಪ್ಪಿ ಕುರ್ಚಿಯ ಮೇಲೆ ಕುಸಿದಳು. ಅಧಿಕಾರಿ ಮುಂದಿನ ಹೆಸರು ಕೂಗಿದರು.

ಹೊರಗೆ ಮೇಡಮ್ಮಿನ ಜೀಪಿನ ಹತ್ತಿರ ನಾನು ಅವರನ್ನು ತರಾಟೆಗೆ ತೆಗೆದುಕೊಂಡೆ. ಅವಳನ್ನು ಯಾಕೆ ಎಳೆದು ಕೂರಿಸಿದಿರಿ ಎಂದು ಕೇಳಿದೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟರು. ಆಕೆ ಬಾಯಿಬಿಟ್ಟಷ್ಟೂ ಕೇಸು ಕೆಡುತ್ತಿತ್ತು, ಸಂಸ್ಥೆಯ ಹೆಸರಿನ ಪ್ರಶ್ನೆಯೂ ಇತ್ತು ಎಂದರು. ವಿಧಾನದಲ್ಲೇ ದೋಷವಾಗಿದೆ, ಎರಡನೆಯ ಕಂತಿಗೆ ತಾನು ಶಿಫಾರಸು ಮಾಡುವುದು ಕಷ್ಟ, ಬೇಸರ ಮಾಡಿಕೊಳ್ಳಬೇಡಿ ಎಂದರು. ಸಮುದಾಯದ ಧ್ವನಿ ಬೇಕು ಎಂದವರು ನೀವೇ ಅಲ್ಲವೇ ಎಂದೆ. ಅವರು ಜೀಪು ಹತ್ತಿದರು. ಆ ಕೈಯನ್ನು ನನ್ನ ಭುಜದಿಂದ ಕೊಡವಿ ಹಾಕಲಿಲ್ಲವಲ್ಲ ಎಂಬುದು ನನಗೆ ಈಗಲೂ ಹೊಟ್ಟೆ ಉರಿಸುತ್ತದೆ.

ಕಾಕಾ ಟೊಪ್ಪಿಗೆ ತೆಗೆದು ಬೆವರು ಒರೆಸಿಕೊಳ್ಳುತ್ತ ಹತ್ತಿರ ಬಂದ. "ನಮ್ಮ ಮನಿ ಹೆಣ್ಮಕ್ಕಳು ನೀರ ಹೆಂಗ ತುಂಬತಾರ ಅಂತ ನನಗ ಗೊತ್ತಿಲ್ಲೇನವಾ?" ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಒಂದು ಥರದ ಅಭಿಮಾನವೇ ಇತ್ತು. ಅವನೂ ಅದೇ ಅಕ್ಕನ ಕೈಯಿಂದ ಗಾಳಿಸಿದ ನೀರು ಕುಡಿದು ಬೆಳೆದವನು. ಅದನ್ನೇ ತೆಗೆದು ಅವಳ ಮುಖಕ್ಕೆ ಎರಚಿದ. ಆ ದಿನದಿಂದ ನಾನು ಅವನನ್ನು ಕಾಕಾ ಎಂದು ಕರೆದಿಲ್ಲ. ಅವನು ಸತ್ತಾಗ ಹೋದೆ, ಅಳಲಿಲ್ಲ.

ಬಸ್ಸಿನಲ್ಲಿ ಅತ್ತಿಗೂ ನನಗೂ ಜಗಳವಾಯಿತು. ಬರೀ ಸೇದಿ ತುಂಬಿದೆ ಎಂದು ಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ನಾನು ಕೇಳಿದೆ. ಅವಳು ಕಿಟಕಿಯಿಂದ ಮುಖ ತಿರುಗಿಸಿದಳು. "ನಾ ಸುಳ್ಳ ಹೇಳಬೇಕಿತ್ತೇನ? ನಿಮ್ಮ ಕಾಯ್ದೆ ನಿಂದ್ರಾಕ ನನ್ನ ಸುಳ್ಳ ಬೇಕಂದ್ರ ಅದು ಬಿದ್ದ ಹೋಗ್ಲಿ." ಸ್ವಲ್ಪ ಹೊತ್ತಿಗೆ, ಯಾರನ್ನೂ ನೋಡದೆ, ಸಭೆಯಲ್ಲಿ ತುಂಡಾದ ಮಾತನ್ನು ಮುಗಿಸಿದಳು. "ಗಾಳಿಸಿದ ಮ್ಯಾಲೂ ಅದು ಇಷ್ಟ ಹೊಲಸ ಐತಿ ಅಂದ್ರ, ಗಾಳಿಸದ ನೀರು ಎಷ್ಟ ಹೊಲಸ ಇರಬೇಕು, ನೀವ ಹೇಳ್ರಿ. ಅಷ್ಟ ಹೇಳಾಕಿ ಇದ್ನಿ. ಬಿಡಲಿಲ್ಲ."

ಇಡೀ ಸಭೆಯಲ್ಲಿ ಯಾರಿಗೂ ಹೊಳೆಯದ ಉತ್ತರ ಅದು. ವಕೀಲ ಎಬ್ಬಿಸಿದ ಆಕ್ಷೇಪ ಆ ಒಂದು ಮಾತಿಗೆ ನೆಲಕ್ಕೆ ಬೀಳುತ್ತಿತ್ತು. ಕೆಲವು ವಾರಗಳ ನಂತರ ನಡಾವಳಿಯ ಪ್ರತಿ ಸಿಕ್ಕಿತು. ಅತ್ತಿಯ ಬಗ್ಗೆ ಅದರಲ್ಲಿ ಒಂದು ಸಾಲಿತ್ತು: ಘೋಡಗೇರಿಯ ಚಂಪಾಬಾಯಿ ಎಂಬವರು ನೀರಿನ ಮಾದರಿಯನ್ನು ಬಟ್ಟೆಯಲ್ಲಿ ಸೋಸಿದ್ದಾಗಿ ಒಪ್ಪಿಕೊಂಡರು. ಒಪ್ಪಿಕೊಂಡರಂತೆ. ಕಳ್ಳತನ ಮಾಡಿ ಸಿಕ್ಕಿಬಿದ್ದವರ ಹಾಗೆ. ನಾನು ಆ ಕಾಗದವನ್ನು ಹರಿಯಲಿಲ್ಲ, ಇಟ್ಟುಕೊಂಡೆ. ಕಾರ್ಖಾನೆಗೆ ಕೆಲವು ಷರತ್ತು ಹಾಕಿ ಅನುಮತಿ ಕೊಟ್ಟರು. ಷರತ್ತುಗಳು ಕಾಗದದ ಮೇಲೆ ಬಹಳ ಚಂದವಾಗಿದ್ದವು.

ಮಳೆಗಾಲ ಬಂತು. ಮೇಲಿನ ಹೊಂಡಗಳು ಉಕ್ಕಿ ಹಳ್ಳಕ್ಕೆ ಇಳಿದವು. ಕೊನೆಯ ವರ್ಷದ ಫೀ ಕಟ್ಟಲಾಗದೆ ನನ್ನ ಪರೀಕ್ಷೆ ಹೋಯಿತು. ಗೋಕಾಕದಲ್ಲಿ ಒಬ್ಬ ವಕೀಲರ ಕಚೇರಿಯಲ್ಲಿ ಟೈಪ್ ಮಾಡುವ ಕೆಲಸ ಹಿಡಿಯುವ ಮೊದಲು ಅತ್ತಿಗೆ ಹೇಳಿ ಹೋಗೋಣವೆಂದು ಘೋಡಗೇರಿಗೆ ಹೋದೆ. ಅವಳು ಬಾವಿಯ ಹತ್ತಿರ ಇದ್ದಳು. ಹಗ್ಗ ಬಿಟ್ಟು ಸೇದಿದಳು, ಗಾಳಿಸಿದಳು. ಅರಿವೆಯ ಮೇಲೆ ಕರಿ ಜಿಗಟು ಕೂತಿತ್ತು. ಹಿತ್ತಾಳೆಯ ಸಣ್ಣ ಗಡಿಗೆಯನ್ನು ಕೈಗೆ ತೆಗೆದುಕೊಂಡಳು, ಬಾವಿಯೊಳಗೆ ಬಗ್ಗಿ ನೋಡಿದಳು, ಗಡಿಗೆಯನ್ನು ಮತ್ತೆ ಕಟ್ಟೆಯ ಮೇಲಿಟ್ಟಳು. ಬಹಳ ಹೊತ್ತು ಅರಿವೆ ಹಿಡಿದುಕೊಂಡು ಹಾಗೆಯೇ ನಿಂತಳು. ಏನಾಯಿತು ಎಂದು ಕೇಳಿದೆ.

"ಒಳಗ ಬಿಟ್ರ ಸಾಯ್ತಾವು. ಹೊರಗ ಬಿಟ್ರೂ ಸಾಯ್ತಾವು," ಎಂದಳು. "ಈ ಪಾಪ ಯಾರ ಹೆಸರಿಗೆ ಬರೀಬೇಕು, ಕಾಯ್ದೆ ಓದಿದಾಕಿ ನೀ ಹೇಳ."

ಉತ್ತರಕ್ಕೆ ಅವಳು ಕಾಯಲಿಲ್ಲ. ಹುಟ್ಟಿದಾಗಿನಿಂದ ಮಾಡಿದ ಕೆಲಸವನ್ನು ಅವಳು ಅಂದು ಮಾಡಲಾರದೆ ಹೋದಳು, ಅದು ಅವಳ ಮುಖದ ಮೇಲೆ ಕಾಣುತ್ತಿತ್ತು. ಆ ದಿನವೇ ಲಗಮಣ್ಣನನ್ನು ಕರೆಸಿ ಬಾವಿಯ ಬಾಯಿಗೆ ಜಾಲಿ ಮುಳ್ಳು ಹೊದಿಸಿದಳು. ಸೇದಿದರೆ ತಾನೇ ಪಾಪ, ಸೇದುವುದೇ ಬೇಡ ಎಂದಳು. ಷರತ್ತಿನ ಪ್ರಕಾರ ಕಾರ್ಖಾನೆಯವರು ಊರಿಗೆ ನೀರಿನ ಟ್ಯಾಂಕರ್ ಕಳಿಸತೊಡಗಿದಾಗ ಅವಳ ಕೊಡ ಅದರ ಹತ್ತಿರ ಒಂದು ದಿನವೂ ಹೋಗಲಿಲ್ಲ. ದೂರದ ಹೊಲದವರ ಬಾವಿಯಿಂದ ತಲೆಯ ಮೇಲೆ ಹೊತ್ತು ತಂದಳು, ಸಾಯುವವರೆಗೂ.

ಕಾರ್ಖಾನೆ ಆಮೇಲೆ ಪಾಲುದಾರರ ಜಗಳಕ್ಕೆ ಸಿಕ್ಕು ಮುಚ್ಚಿತು, ನಮ್ಮಿಂದಲ್ಲ. ನಾನು ಒಂದು ವರ್ಷ ಟೈಪ್ ಮಾಡಿ, ಮರುವರ್ಷ ಪರೀಕ್ಷೆ ಕಟ್ಟಿ, ಕರಿ ಕೋಟು ಹಾಕಿದೆ. ಆ ಮಂಗಲ ಕಾರ್ಯಾಲಯದ ಮುಂದೆ ಹಾಯುವಾಗೆಲ್ಲ ನನ್ನ ಕೈ ಸೆರಗಿನ ತುದಿಗೆ ಹೋಗುತ್ತದೆ, ಯಾರೋ ಜಗ್ಗಿದಂತಾಗುತ್ತದೆ.

ಗೇಟು ಎದ್ದಿತು. ಟ್ಯಾಂಕರ್ ಮುಂದೆ ಹೋಯಿತು, ಬಸ್ಸು ಅದರ ಹಿಂದೆ ಹೋಯಿತು.

ಗೋಕಾಕದ ಸಭೆ ತಂಪಾದ ಕೋಣೆಯಲ್ಲಿತ್ತು. ಮೇಡಮ್ಮಿನ ತಲೆ ಪೂರಾ ಬೆಳ್ಳಗಾಗಿತ್ತು. ಅವರು ಎದ್ದು ಬಂದು ನನ್ನ ಭುಜದ ಮೇಲೆ ಕೈಯಿಟ್ಟರು. ಈ ಸಲ ನಾನು ಒಂದು ಹೆಜ್ಜೆ ಹಿಂದೆ ಸರಿದೆ, ಕೈ ಗಾಳಿಯಲ್ಲಿ ಉಳಿಯಿತು. ಸಮಿತಿಯ ಉಳಿದವರಿಗೆ ಅವರು ನನ್ನನ್ನು ಪರಿಚಯಿಸುತ್ತ, ಘಟಪ್ರಭೆಯ ದಂಡೆಯಲ್ಲಿ ನಮ್ಮ ಸಂಸ್ಥೆ ಸಮುದಾಯದ ಧ್ವನಿಯನ್ನು ಹೇಗೆ ಮುಂದೆ ತಂದಿತು ಎಂದು ಹೇಳಿದರು. ನಾನು ತಡೆಯಲಿಲ್ಲ. ಹೊರಗಿನ ಬೆಂಚಿನ ಮೇಲೆ ವಿದ್ಯಾರ್ಥಿಗಳು ಕಾಯುತ್ತಿದ್ದರು, ಅವರಲ್ಲಿ ಒಬ್ಬಳ ಮಡಿಲಲ್ಲಿ ಖಾಲಿ ಬಾಟ್ಲಿಗಳ ಪೆಟ್ಟಿಗೆಯಿತ್ತು.

ಸಭೆಯ ನಡಾವಳಿ ಬರೆದುಕೊಳ್ಳಲು ಒಬ್ಬ ಗುಮಾಸ್ತ ಕುಳಿತಿದ್ದ. ಮೊದಲ ವಿದ್ಯಾರ್ಥಿಯನ್ನು ಕರೆಯುವ ಮುನ್ನ ಒಂದು ಮಾತು ಬರೆದುಕೊಳ್ಳಬೇಕು ಎಂದೆ. ಸಮಿತಿಯ ಸದಸ್ಯೆಯ ಮಾತು, ಬರೆಯಲೇಬೇಕು. ಅವನು ಪೆನ್ನು ಎತ್ತಿಕೊಂಡ. ನಾನು ನಿಧಾನವಾಗಿ, ಘೋಡಗೇರಿಯ ದನಿಯಲ್ಲೇ ಹೇಳಿ ಬರೆಸಿದೆ: "ಗಾಳಿಸಿದ ಮ್ಯಾಲೂ ಅದು ಇಷ್ಟ ಹೊಲಸ ಐತಿ ಅಂದ್ರ, ಗಾಳಿಸದ ನೀರು ಎಷ್ಟ ಹೊಲಸ ಇರಬೇಕು, ನೀವ ಹೇಳ್ರಿ. ಹೇಳಿದವರು ಚಂಪಾಬಾಯಿ, ಘೋಡಗೇರಿ."

ಮೇಡಮ್ ಮೇಜಿನ ಮೇಲಿದ್ದ ತಮ್ಮ ಕೈಗಳನ್ನು ನೋಡುತ್ತ ಕುಳಿತರು. ಅವರಿಗೆ ನೆನಪಿತ್ತು. ಗುಮಾಸ್ತ ಪೂರ್ತಿ ಬರೆದು ಮುಗಿಸಿ ತಲೆ ಎತ್ತಿದ. ಇವತ್ತಿನ ಕಾರ್ಯಸೂಚಿಯಲ್ಲಿ ಇದು ಇಲ್ಲವಲ್ಲ ಮೇಡಂ, ಯಾವ ವಿಷಯದ ಕೆಳಗೆ ಹಾಕಲಿ ಎಂದು ಕೇಳಿದ.

"ಹಿಂದಿನ ಸಭೆಯ ನಡಾವಳಿಗೆ ತಿದ್ದುಪಡಿ, ಅಂತ ಹಾಕ್ರಿ," ಎಂದೆ.

ಅವನು ಹಾಗೆಯೇ ಬರೆದುಕೊಂಡ.